ಹೇಳದೆ ಬಿಟ್ಟ ಹದೀಸ್

ಮೇ 18, ಭಾನುವಾರ

ಮನೆಯಲ್ಲಿ ಹೆಂಗಸರಿಗೆ ನಾನು ನಡೆಸುವ ಧರ್ಮದ ಕ್ಲಾಸ್ ಮುಗಿಯಿತು. ಇವತ್ತು ಬಂದವರು ಕಡಿಮೆ. ಮುಳಬಾಗಿಲಿನ ಅರ್ಧ ಮನೆಗಳಲ್ಲಿ ಉಪ್ಪಿನಕಾಯಿ ಕೆಲಸ. ಬಂದವರ ಬೆರಳೆಲ್ಲ ಹಳದಿ, ನನ್ನ ಚಾಪೆಗೂ ಅರಿಸಿನ.

ಖೈರುನ್ನಿಸಾ ಖಾಲಾ ಎಲ್ಲರಿಗಿಂತ ಮೊದಲೇ ಬಂದಿದ್ದರು. ಮಗಳು ಮೆಹಜಬೀನ್ ತವರಿಗೆ ಬಂದು ತಿಂಗಳಾಯಿತು. ಗಂಡ ಹೊಡೆಯುತ್ತಾನೆ. ಖುಲಾ ಬೇಕು, ತಾನೇ ಕೇಳಿ ಬಿಡುಗಡೆ ಪಡೆಯುತ್ತೇನೆ ಅನ್ನುತ್ತಿದ್ದಾಳೆ. ಖಾಲಾ ಅಡುಗೆಮನೆಗೆ ಬಂದು ಕೈ ಹಿಡಿದುಕೊಂಡರು.

"ಚಿಕ್ಕೋಳ ನಿಕಾಹ್ ಆಗೋವರ್ಗಾದ್ರೂ ಅಲ್ಲೇ ಇರ್ಲಿ ಕಣಮ್ಮಾ ಸಬೀಹಾ. ನಾನ್ ಹೇಳಿದ್ರೆ ರೂಮ್ ಬಾಗ್ಲು ಹಾಕ್ಕೋತಾಳೆ. ನೀನ್ ಹೇಳು, ಕೇಳ್ತಾಳೆ."

ಹೇಳಿದೆ. ಅವಳ ಹೆಸರು ಎತ್ತದೆ, ಪಾಠದ ನಡುವೆ. ಅನುಮತಿ ಇರುವ ಸಂಗತಿಗಳಲ್ಲಿ ಅಲ್ಲಾಹನಿಗೆ ಅತ್ಯಂತ ಅಪ್ರಿಯವಾದದ್ದು ತಲಾಖ್ ಎಂದು ಪ್ರವಾದಿಯವರು (ಸ) ಹೇಳಿದ್ದಾರೆ ಅಂತ.

ಹಿಂದೆ ಕೂತಿದ್ದ ಮೆಹಜಬೀನ್ ತಲೆ ಎತ್ತಿದಳು. "ಹುಜೂರ್ ಅವರೇ ಹೇಳಿದ್ದಾ ಆಪಾ? ನೀವು ನೋಡಿದೀರಾ?"

"ನೋಡಿದೀನಿ."

ನೋಡಿರಲಿಲ್ಲ. ಚಿಕ್ಕಂದಿನಿಂದ ಕೇಳಿದ್ದು, ಅಷ್ಟೆ...

ಮೇ 21, ಬುಧವಾರ

ಮೆಹಜಬೀನ್ ಶ್ರೀನಿವಾಸಪುರಕ್ಕೆ, ಗಂಡನ ಮನೆಗೆ ವಾಪಸ್ ಹೋದಳಂತೆ. ಖಾಲಾ ಒಂದು ಬುಟ್ಟಿ ಬಾದಾಮಿ ಮಾವು ಕಳಿಸಿದ್ದಾರೆ. ತಿಂದೆ. ರುಚಿಯಾಗಿತ್ತು.

ಸಂಜೆ ನಾನು ಕಲಿಯುವ ಆನ್‌ಲೈನ್ ಕ್ಲಾಸ್. ಉಸ್ತಾದಾ ಬೆಂಗಳೂರಿನವರು, ಪ್ರವಾದಿಯವರ ಮಾತೆಂದು ಬಂದ ಹದೀಸ್‌ಗಳ ಪರಿಶೀಲನೆ ಹೇಗೆ ಅಂತ ಕಲಿಸುತ್ತಾರೆ. ಹೋಂವರ್ಕ್: ನೀವು ಬಹಳ ಬಳಸುವ ಒಂದು ಹದೀಸ್ ತೆಗೆದುಕೊಳ್ಳಿ. ಯಾರು ಯಾರಿಂದ ಕೇಳಿದರು, ಆ ಸರಪಳಿ ಪ್ರವಾದಿಯವರನ್ನು ಮುಟ್ಟುತ್ತದೆಯೇ, ನೀವೇ ಹುಡುಕಿ.

"ವಾಟ್ಸಾಪಲ್ಲಿ ನಮ್ ಮಾಮು ಕಳಿಸಿದ್ರು ಅನ್ನೋದು ಸರಪಳಿ ಅಲ್ಲ, ಮೊದ್ಲೇ ಹೇಳ್ಬಿಡ್ತೀನಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಬೇರೆ ಯಾವುದನ್ನಾದರೂ ಆರಿಸಬಹುದಿತ್ತು. ತಲಾಖಿನದನ್ನೇ ಆರಿಸಿದೆ.

ಮೇ 24, ಶನಿವಾರ

ಸಿಕ್ಕಿತು. ಎರಡು ದಾರಿಗಳಿವೆ. ಒಂದರಲ್ಲಿ ಪ್ರವಾದಿಯವರಿಂದ ಖುದ್ದು ಕೇಳಿದ ಸಹಚರರೊಬ್ಬರ ಹೆಸರಿದೆ. ಇನ್ನೊಂದರಲ್ಲಿ ಇಲ್ಲ. ಮುಂದಿನ ತಲೆಮಾರಿನ ಒಬ್ಬರು, ಯಾರಿಂದ ಕೇಳಿದೆ ಎನ್ನದೆ, ನೇರವಾಗಿ "ಪ್ರವಾದಿ ಹೇಳಿದರು" ಅನ್ನುತ್ತಾರೆ. ಎರಡನೆಯದೇ ಹೆಚ್ಚು ಸರಿಯಾದ ವರದಿ ಎಂದು ಹಲವು ವಿದ್ವಾಂಸರ ತೀರ್ಮಾನ. ಅಂದರೆ ನಡುವೆ ಒಂದು ಕೊಂಡಿ ಇಲ್ಲ. ದುರ್ಬಲ. ಒಪ್ಪುವವರೂ ಇದ್ದಾರೆ — ಆದರೆ ನನಗೆ ಇದ್ಯಾವುದೂ ಗೊತ್ತಿರಲಿಲ್ಲ.

ಉಸ್ತಾದಾಗೆ ಫೋನ್ ಮಾಡಿದೆ.

"ಅರ್ಥ ಒಪ್ಪೋರು ಇದಾರಮ್ಮ. ಆದ್ರೆ ಅವರೇ ಹೇಳಿದ್ದು ಅಂತ ಖಾತ್ರಿಯಾಗಿ ಹೇಳೋ ಹಾಗಿಲ್ಲ. ನೀವು ಯಾರಿಗೂ ಹಾಗೆ ಹೇಳಿಲ್ಲ ತಾನೇ?"

"ಇಲ್ಲ" ಅಂದೆ.

ಎರಡನೇ ಸುಳ್ಳು.

ಜೂನ್ 12, ಗುರುವಾರ

ಬರೆಯಲು ಕೂತು ಕೂತು ಎದ್ದಿದ್ದೇನೆ. ಬಕ್ರೀದ್ ಮುಗಿಯಿತು.

ಕೊಂಡಿ ಇಲ್ಲದ್ದು ಗೊತ್ತಿರಲಿಲ್ಲ ಅನ್ನಬಹುದು. ತೋಟದ ಹದೀಸ್? ಅದು ಗೊತ್ತಿತ್ತಲ್ಲ. ಗಟ್ಟಿ ಸರಪಳಿ. ಒಬ್ಬ ಹೆಂಗಸು ಪ್ರವಾದಿಯವರ ಬಳಿ ಬಂದಳು. ಗಂಡನ ನಡತೆಯನ್ನಾಗಲಿ ಧರ್ಮವನ್ನಾಗಲಿ ದೂರುವುದಿಲ್ಲ, ಆದರೂ ಅವನ ಜೊತೆ ಇರಲಾರೆ ಅಂದಳು. ಮದುವೆಯಲ್ಲಿ ಅವನು ಮಹರ್ ಆಗಿ ನಿನಗೆ ಕೊಟ್ಟ ತೋಟ ಹಿಂದಿರುಗಿಸುತ್ತೀಯಾ ಎಂದು ಪ್ರವಾದಿಯವರು ಕೇಳಿದರು. ಹಿಂದಿರುಗಿಸುತ್ತೇನೆ. ತೋಟ ತೆಗೆದುಕೊಂಡು ಬಿಟ್ಟುಬಿಡು ಎಂದು ಗಂಡನಿಗೆ ಹೇಳಿದರು. ಅಷ್ಟೇ. ಅವಳಿಗೆ ಪೆಟ್ಟು ಬಿದ್ದಿತ್ತೇ ಎಂದು ಕೂಡ ಕೇಳಲಿಲ್ಲ.

ಆ ಭಾನುವಾರ ಇದು ನಾಲಿಗೆ ತುದಿಯಲ್ಲೇ ಇತ್ತು. ನುಂಗಿಕೊಂಡೆ. ಖಾಲಾ ಮುಖ ನೋಡಿಯೋ? ನಾನು ಹೇಳಿದರೆ ಕೇಳುತ್ತಾಳೆ ಅಂದರಲ್ಲ, ಆ ಖುಷಿಗೋ?

ಖಾಲಾಗೆ ಫೋನ್ ಮಾಡಿ ಶುರು ಮಾಡಿದೆ. "ಈಗ್ಯಾಕಮ್ಮಾ ಅದೆಲ್ಲಾ? ಹಬ್ಬದ ದಿನ ಮಾತಾಡಿದ್ಲು. ಚೆನ್ನಾಗಿದಾಳೆ ಬಿಡು."

ಬಿಟ್ಟೆ. ಬಿಡಲು ಕಾರಣ ಸಿಕ್ಕಿದ್ದಕ್ಕೆ ಎದೆ ಹಗುರವಾಯಿತು. ಅದನ್ನೂ ಬರೆದಿಡಬೇಕು.

ಜೂನ್ 26, ಗುರುವಾರ

ಶ್ರೀನಿವಾಸಪುರಕ್ಕೆ ಹೋಗಿ ಬಂದೆ. ದಾರಿಯುದ್ದಕ್ಕೂ ಮಾವಿನ ಲಾರಿ, ಕೊಳೆತ ಹಣ್ಣಿನ ವಾಸನೆ. ಮೆಹಜಬೀನ್ ಗಂಡ ಮಾವಿನ ಮಂಡಿಗೆ ಹೋಗಿದ್ದ. ಅತ್ತೆ ಚಹಾ ಕೊಟ್ಟು ನಮಾಜಿಗೆ ಒಳಗೆ ಹೋದರು. ಅವಳ ಪಕ್ಕ ಕೂತು ಮೆಲ್ಲಗೆ ಶುರು ಮಾಡಿದೆ.

"ಈ ಕಡೆ ಬನ್ನಿ ಆಪಾ. ಆ ಕಿವಿ ಕೇಳ್ಸಲ್ಲ."

"ಯಾವಾಗಿಂದ?"

"ಬಕ್ರೀದ್ ಆದ್ಮೇಲೆ."

ಬಲಗಡೆ ಹೋಗಿ ಕೂತೆ. ಎಲ್ಲ ಹೇಳಿದೆ. ನೋಡದೆ ನೋಡಿದೀನಿ ಅಂದದ್ದು, ತಪ್ಪಿದ ಕೊಂಡಿ, ತೋಟ. ಅವಳು ಕೇಳಿಸಿಕೊಂಡಳು, ಅಳಲಿಲ್ಲ.

"ತೋಟದ್ದು ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

"ಅಮ್ಮಿ ಕೇಳ್ಕೊಂಡಿದ್ಲಾ?"

"ಹೂಂ."

ನನ್ನ ಮುಂದಿದ್ದ ಚಹಾ ಲೋಟ ಎತ್ತಿಕೊಂಡಳು. ನಾನು ಇನ್ನೂ ಕುಡಿದಿರಲಿಲ್ಲ. "ನನಗೆ ಹೇಳಿ ಏನಾಗ್ಬೇಕು ಆಪಾ? ನಾನ್ ಹೊರಟ್ ಬಂದ್ರೆ ಬಾಗ್ಲು ತೆಗಿಬೇಕಾದೋಳು ಅಮ್ಮಿ. ಅವಳಿಗೆ ಹೇಳಿ. ಎಲ್ರ ಮುಂದೆ ಹೇಳಿದ್ರಲ್ಲ, ಇದ್ನೂ ಎಲ್ರ ಮುಂದೇನೇ ಹೇಳಿ."

ಜೂನ್ 29, ಭಾನುವಾರ, ಸಂಜೆ

ಹೇಳಿದೆ. ಕ್ಲಾಸಿನಲ್ಲಿ, ಎಲ್ಲರ ಮುಂದೆ. ಯಾರ ಹೆಸರೂ ಎತ್ತಲಿಲ್ಲ, ನನ್ನದೊಂದನ್ನು ಬಿಟ್ಟು.

ಮೂಲೆಯಿಂದ ಶಮೀಮ್: "ಹಂಗಾದ್ರೆ ಇಷ್ಟ್ ದಿನ ಹೇಳಿದ್ದೆಲ್ಲಾ?"

"ಒಂದೊಂದಾಗಿ ಮತ್ತೆ ನೋಡಿ ಹೇಳ್ತೀನಿ."

"ನೋಡಿದೀನಿ ಅಂತ ಅವತ್ತೂ ಅಂದ್ರಿ."

ಒಬ್ಬೊಬ್ಬರಾಗಿ ಎದ್ದರು. ಸಲಾಂ ಹೇಳಿದವರು ಕೆಲವರೇ.

ಖಾಲಾ ಮಾತ್ರ ಕೂತೇ ಇದ್ದರು. ಕಿವಿಯ ವಿಷಯ ಅವರಿಗೊಬ್ಬರಿಗೇ ಹೇಳಿದೆ. ಚಾಪೆಯ ಅಂಚು ಕೀಳತೊಡಗಿದರು.

"ತೋಟ ವಾಪಸ್ ಕೊಡ್ತೀಯಾ ಅಂದ್ರು. ಬೇರೇನೂ ಕೇಳ್ಲಿಲ್ವಾ?"

"ಇಲ್ಲ ಖಾಲಾ."

"ತಂಗಿ ಮದುವೆ ಇದ್ಯಾ, ಜನ ಏನಂತಾರೆ... ಏನೂ?"

"ಏನೂ ಇಲ್ಲ."

ಬುರ್ಖಾದ ಗುಂಡಿ ಹಾಕಿಕೊಂಡರು. ಒಂದು ಗುಂಡಿ ತಪ್ಪಿತು. "ಅವನ್ ಕೊಟ್ಟ ಮಹರ್ ಬಳೆ ನನ್ ಬೀರೂಲೇ ಇದೆ. ಶ್ರೀನಿವಾಸಪುರದ ಬಸ್ಸು ಸಿಗತ್ತಾ ಈಗ?"

"ಸಿಗತ್ತೆ. ನಾನೂ ಬರ್ತೀನಿ."

"ಬೇಡ." ಚಪ್ಪಲಿ ಹಾಕಿಕೊಂಡು ನಿಂತರು. "ಅವತ್ತು ನೀನ್ ನಿಜ ಹೇಳಿದ್ರೂ ನಾನ್ ಕೇಳ್ತಿದ್ನೋ ಇಲ್ವೋ. ಗೊತ್ತಿಲ್ಲ. ಆದ್ರೆ ನೀನ್ ಹೇಳ್ಲಿಲ್ಲ ಸಬೀಹಾ."

ಹೋದರು. ಇಷ್ಟು ಹೊತ್ತಿಗೆ ಆ ಮನೆ ಬಾಗಿಲಲ್ಲಿ ನಿಂತಿರಬೇಕು. ಒಬ್ಬರೇ. ಫೋನ್ ಕೈಯಲ್ಲೇ ಇದೆ. ಮಾಡಿದರೆ ಏನೆಂದು ಕೇಳಲಿ?