ಕೊನೆಯ ಸಾಲಿನ ನೀಲಿ ಗುಂಡಿ

ಅಪ್ಪಾ,

ಹಾಲು ಕಾಯಿಸಿಟ್ಟಿದ್ದೇನೆ. ಮಾತ್ರೆ ಲೋಟದ ಪಕ್ಕದಲ್ಲೇ ಇದೆ, ಕಾಣಲಿಲ್ಲ ಎಂಬ ನೆಪ ಬೇಡ.

ನನ್ನ ಮೂರನೇ ತರಗತಿಯ ಮಕ್ಕಳಿಗೆಂದು ಮೇಜಿನ ಮೇಲೆ ಜೋಡಿಸಿದ ಗುಂಡಿಗಳನ್ನು ಮುಟ್ಟಬೇಡಿ ಎಂದು ನಿನ್ನೆ ಸಾರಿ ಸಾರಿ ಹೇಳಿದ್ದೆ. ಮುಟ್ಟಿದ್ದೀರಿ. ಏಳು ಸಾಲು, ಸಾಲಿಗೆ ಎಂಟು. ಕೊನೆಗೆ ಒಂದು ಗುಂಡಿ ಸಾಲದೆ ಹಾಗೇ ಬಿಟ್ಟು ಎದ್ದಿದ್ದೆ. ಬೆಳಿಗ್ಗೆ ನೋಡಿದರೆ ಆ ಜಾಗ ತುಂಬಿದೆ. ಕುರ್ಚಿಯ ಮೇಲಿನ ನಿಮ್ಮ ನೀಲಿ ಅಂಗಿಯಲ್ಲಿ ಕತ್ತಿನ ಗುಂಡಿ ಇಲ್ಲ.

‘ಮಗ್ಗಿ ಅಂದ್ರೆ ಬಾಯಿಪಾಠ, ಇದೆಂಥ ಮಕ್ಕಳಾಟ’ ಎಂದು ಮೂಗು ಮುರಿದವರು ನೀವೇ. ಏಳೆಂಟ್ಲ ಎಷ್ಟು ಎಂದಾಗಲೆಲ್ಲ ತೊದಲುತ್ತಿದ್ದ ನನ್ನನ್ನು ಬಾಗಿಲ ಹಿಂದೆ ನಿಲ್ಲಿಸಿದವರೂ ನೀವೇ.

ಸಾಲುಗಳನ್ನೇ ನೋಡುತ್ತ ಕೂತೆ. ಎಳೆಬಿಸಿಲು ಬಿದ್ದು ಗುಂಡಿಗಳು ನೀರಿನ ಮೇಲೆ ತೇಲುತ್ತಿರುವಂತೆ ಕಂಡವು. ಬಿಳಿಯ ಐದು ಸಾಲು ಒಟ್ಟಿಗೆ ನಲವತ್ತಾಗಿ, ಕೆಂಪಿನ ಎರಡು ಸಾಲು ಹದಿನಾರಾಗಿ ಮೆಲ್ಲಗೆ ಬಂದು ಸೇರಿಕೊಂಡವು. ಐವತ್ತಾರು! ಬಾಯಿ ಬಿಡದೆಯೇ ಗೊತ್ತಾಯಿತು. ಬಾಗಿಲ ಹಿಂದಿನ ಆ ಹುಡುಗಿ ಹೊರಗೆ ಬಂದು ನನ್ನ ಪಕ್ಕದಲ್ಲಿ ಕೂತ ಹಾಗಾಯಿತು.

ಎಲ್ಲವನ್ನೂ ರಟ್ಟಿಗೆ ಅಂಟಿಸಿ ತೆಗೆದುಕೊಂಡು ಹೋಗುತ್ತಿದ್ದೇನೆ. ನಿಮ್ಮ ಗುಂಡಿ ವಾಪಸ್ ಸಿಗುವುದಿಲ್ಲ. ಇವತ್ತು ಬೂದು ಅಂಗಿ ಹಾಕಿಕೊಳ್ಳಿ. ಸಂಜೆ ನೀಲಿಗೆ ಬೇರೆ ಗುಂಡಿ ಹಚ್ಚಿಕೊಡುತ್ತೇನೆ.

ಕೆಂಪು ಸಾಲಿನ ಕೊನೆಯಲ್ಲಿ ಒಂದು ನೀಲಿ ಯಾಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ‘ಅದು ನಮ್ಮಪ್ಪಂದು, ಇವತ್ತು ನಂಗೆ ಏಳೆಂಟ್ಲ ಹೇಳ್ಕೊಟ್ರು’ ಅನ್ನುತ್ತೇನೆ.