ಕೌದಿಯ ಕೊನೆಯ ಮೂಲೆ

ಬಾದಾಮಿ
೨೨ ಜನವರಿ ೨೦೨೫

ಅಕ್ಕ ರಂಗವ್ವಳಿಗೆ ನಿನ್ನ ತಂಗಿ ಸುರೇಖಾಳ ಶರಣು.

ನಾನು ಆರಾಮ ಇದ್ದೇನೆ. ಗುಡೂರಿನಲ್ಲಿ ನೀನು, ಮಾಮಾ, ದಿನ ತುಂಬುತ್ತಿರುವ ನಿನ್ನ ಮಗಳು ರಾಜಶ್ರೀ, ಎಲ್ಲರೂ ಆರಾಮ ಇದ್ದೀರಲ್ಲ? ಶೂಟಿಂಗಿಗೆಂದು ನಿನ್ನಿಂದ ಒಯ್ದ ಅವ್ವನ ಕೌದಿಯನ್ನು ಸಂಕ್ರಾಂತಿಯೊಳಗೆ ತಂದುಕೊಡುತ್ತೇನೆ ಎಂದವಳು ಈಗ ನಿನ್ನ ಫೋನನ್ನೂ ಎತ್ತುತ್ತಿಲ್ಲ. ಬೈ, ಆದರೆ ಪೂರ್ತಿ ಓದಿ ಬೈ. ಫೋನಿನಲ್ಲಾದರೆ ನೀನು ನಡುವೆಯೇ ಇಟ್ಟುಬಿಡುತ್ತೀ, ಅದಕ್ಕೇ ಈ ಪತ್ರ.

'ಕೆಂಪುಚಂದ್ರ' ಧಾರಾವಾಹಿಯಲ್ಲಿ ಆಕಾಶನೌಕೆಯ ನಾಯಕಿ ಹೊದ್ದುಕೊಳ್ಳುವುದು ನಮ್ಮ ಅವ್ವ ಹೊಲಿದ ಕೌದಿ ಎಂದು ಓಣಿಗೆಲ್ಲ ಹೇಳಿಕೊಂಡು ತಿರುಗಿದವಳು ನೀನು. ಈಗ ಆ ಧಾರಾವಾಹಿಯವರೇ ಅದರ ಹಿಂದಿನ ಕಥೆಯನ್ನು ಇಲ್ಲಿ ಚಿತ್ರೀಕರಿಸುತ್ತಿದ್ದಾರೆ, ಬಟ್ಟೆಬರೆಯ ಕೆಲಸ ನನ್ನದೇ. ನಾಯಕಿ ಹುಟ್ಟುವ ಮೊದಲು ಆಕೆಯ ತಾಯಿ ಆ ಕೌದಿ ಹೊಲಿದದ್ದೇ ಕಥೆಯ ಆರಂಭ. ಇಲ್ಲಿನ ಕೆಂಪು ಗುಡ್ಡವೇ ಬೇರೆ ಗ್ರಹ. ಬೆಳ್ಳಿ ಬಣ್ಣದ ಅಂಗಿ ತೊಟ್ಟ ಗಗನಯಾತ್ರಿಗಳ ಕೈಯಿಂದ ಮಂಗಗಳು ಶೇಂಗಾ ಕಸಿಯುತ್ತವೆ. ನಗು ಬರಬೇಕು, ಬರುತ್ತಿಲ್ಲ.

ನಿರ್ದೇಶಕಿ ಭಾಗ್ಯಜ್ಯೋತಿ, "ಕೌದಿ ಇನ್ನೂ ಅರ್ಧಾ ಹೊಲದಿದ್ದು ತೋರಸಬೇಕ್ರಿ," ಎಂದಳು.

"ಇದಕ್ಕ ಕೈ ಹಚ್ಚಬ್ಯಾಡ್ರಿ. ಇಂಥಾದ ಇನ್ನೊಂದು ನಾನ ಹೊಲದ ಕೊಡ್ತೇನಿ," ಎಂದು ಹಳೆ ಸೀರೆ ತರಲು ಹುನಗುಂದಕ್ಕೆ ಹೋದೆ. ಬಸ್ಸು ತಡವಾಯಿತು. ಬಿಸಿಲು ಇಳಿದೀತು ಎಂಬ ಅವಸರಕ್ಕೆ ಇವರು ಅವ್ವನ ಕೌದಿಯನ್ನೇ ಬಿಚ್ಚಿಸಿದ್ದರು. ಬಿಚ್ಚಿದವಳು ನನ್ನ ಜೊತೆ ಬಟ್ಟೆ ನೋಡಿಕೊಳ್ಳುವ ಇಳಕಲ್ಲಿನ ಜಾಸ್ಮಿನ. "ಅಕ್ಕಾರ, ನೀವ ಹೇಳೀರಿ ಅಂದ್ರು. ನಾ ಖರೆ ಅಂತ ತಿಳಕೊಂಡೆ," ಎಂದು ಅಳುತ್ತಿದ್ದಳು. ಅವಳನ್ನು ಏನು ಬೈಯಲಿ? ಭಾಗ್ಯಜ್ಯೋತಿಗೆ ಮಾತ್ರ ಎಲ್ಲರೆದುರು ಬಾಯಿಗೆ ಬಂದಂತೆ ಅಂದೆ. "ಮತ್ತ ಹೊಲಿಸಿದ್ರ ಆತಲ್ರಿ," ಎಂದಳು. ಆತಂತೆ!

ಈಗ ನಾನೇ ಕೂತು ಹೊಲಿಯುತ್ತಿದ್ದೇನೆ. ಅವ್ವನ ಸೂಜಿಯ ತೂತುಗಳು ಇನ್ನೂ ಕಾಣುತ್ತವೆ, ಅದೇ ದಾರಿ ಹಿಡಿದು ಹೋಗುತ್ತೇನೆ. ರಾಜಶ್ರೀಯ ಬಾಣಂತನಕ್ಕೆ ಕೌದಿ ತಪ್ಪುವುದಿಲ್ಲ. ಅವಳ ಹೆರಿಗೆ ಸುಸೂತ್ರವಾಗಲಿ, ಬೀರಪ್ಪ ತಾಯಿ ಮಗು ಇಬ್ಬರನ್ನೂ ಕಾಯಲಿ. ನನ್ನ ಪರವಾಗಿ ಅವಳ ಹಣೆಗೆ ಅವನ ಭಂಡಾರದ ಅರಿಸಿನ ಹಚ್ಚು.

ನಿನ್ನ
ಸುರೇಖಾ

ತಾ.ಕ.: ಅಕ್ಕಾ, ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆಯೊಳಗೆ ಹೋಳಿಗೆ ಚೂರು ಇಟ್ಟು ಹೊಲಿಯುತ್ತೇವಲ್ಲ? ಜಾಸ್ಮಿನ ಬಿಚ್ಚಿದ ಆ ಮೂಲೆಯಲ್ಲಿ ಹೋಳಿಗೆ ಇರಲಿಲ್ಲ. ಕೂಸಿನ ತಲೆಗೆ ಹಾಕುವ ಕುಂಚಿಗೆ ಮಡಚಿ ಇಟ್ಟಿತ್ತು. ಹಳದಿ ಬಟ್ಟೆ, ಅಂಚಿಗೆ ಕೆಂಪು ದಾರ. ರಾಜಶ್ರೀಗಿಂತ ಮುಂಚೆ ಹುಟ್ಟಿ, ತೊಟ್ಟಿಲಿಗೆ ಹಾಕುವ ಮೊದಲೇ ಹೋದ ನಿನ್ನ ಕೂಸಿಗೆ ನೀನೇ ಹೊಲಿದದ್ದು. "ಅವ್ವ ಅದನ್ನ ಸುಟ್ಟಾಳ, ಕಲ್ಲಿನ ಎದಿ ಆಕಿದು," ಎಂದು ನೀನು ಆಕೆ ಸಾಯುವ ತನಕ ಮಾತು ಬಿಟ್ಟೆ. ಅವಳು ಏನೋ ಹೇಳಲು ಬಂದಾಗಲೆಲ್ಲ ಎದ್ದು ಹೋದೆ. ಸುಟ್ಟಿರಲಿಲ್ಲ ಅಕ್ಕಾ. ನೀನು ಅದನ್ನೇ ಎದೆಗೊತ್ತಿಕೊಂಡು ಊಟ ಬಿಟ್ಟಿದ್ದಕ್ಕೆ ಮುಚ್ಚಿಟ್ಟಿರಬೇಕು. ಆಮೇಲೆ ಅದನ್ನು ಕೌದಿಯೊಳಗಿಟ್ಟು ಹೊಲಿದು, ಆ ಕೌದಿಯನ್ನು ನಿನಗೇ ಕಳಿಸಿದಳು. ನೀನು ಅದನ್ನೇ ಹೊದ್ದು ಮಲಗಿದೆ, ರಾಜಶ್ರೀ ಅದರಡಿಯೇ ಬೆಳೆದಳು.

ಹುಟ್ಟುವ ಮೊಮ್ಮಗುವಿಗೆ ಹೊದಿಸುವ ಕೌದಿಯಲ್ಲಿ ಅದನ್ನು ಇಡಬೇಕೋ ತೆಗೆಯಬೇಕೋ, ನನಗೆ ತಿಳಿಯುತ್ತಿಲ್ಲ, ಭಯವಾಗುತ್ತದೆ. ಉಳಿದದ್ದೆಲ್ಲ ಹೊಲಿದು ತರುತ್ತೇನೆ. ಆ ಮೂಲೆಗೆ ಮಾತ್ರ ನಾನು ಸೂಜಿ ಹಾಕುವುದಿಲ್ಲ. ಅದು ನಿನಗೂ ಅವ್ವನಿಗೂ ಬಿಟ್ಟದ್ದು.