ತನಗೆ ತಾನೇ ಹಾಕಿಕೊಳ್ಳದ ಓಟು

ನವೆಂಬರ್ 5, ಬುಧವಾರ. ಸಂಜೆ

ಕುಣಿಗಲ್‌ನಿಂದ ಈಗ ಬಂದೆ. ಬಸ್ಸಿನಲ್ಲಿ ತುಮಕೂರಿನವರೆಗೂ ನಿಂತೇ ಬರಬೇಕಾಯಿತು. ಮೊಣಕಾಲು ನೋವು.

ಅಲ್ಲಿ ನಮ್ಮ ಪಕ್ಷದ ತಾಲ್ಲೂಕು ಅಧ್ಯಕ್ಷರ ಚುನಾವಣೆ. ಚುನಾವಣಾಧಿಕಾರಿ ನಾನು. ಹಾಗೆಂದು ಬ್ಯಾನರ್‌ನಲ್ಲಿ ಹಾಕಿದ್ದರು. ನಾಮಪತ್ರಕ್ಕೆ ಇನ್ನೂ ಸಮಯವಿದೆ, ಕಾಯೋಣ ಎಂದೆ. ಅಲ್ಲಿನ ಕಾರ್ಯದರ್ಶಿ ನಾಗೇಶ್ ಮೇಜಿನ ಮೇಲಿದ್ದ ಸೇವಂತಿಗೆ ಹಾರ ತೋರಿಸಿದ.

"ಲೇಟ್ ಮಾಡಿದ್ರೆ ಹಾರ ಬಾಡೋಗುತ್ತೆ ಸಾರ್."

ಎಲ್ಲರೂ ನಕ್ಕರು. ಆದರೂ ಕಾದೆ. ಎರಡನೆಯವರು ಬರಲಿಲ್ಲ. ಚಪ್ಪಾಳೆ ತಟ್ಟಿದರು. 'ಅವಿರೋಧ ಆಯ್ಕೆ' ಎಂದು ಬರೆದು ಸಹಿ ಹಾಕಿದೆ. ನಿಯಮದ ಪ್ರಕಾರ ಸರಿ.

ಅವಿರೋಧ. ಎಂಥ ಒಳ್ಳೆಯ ಪದವಾಗಿತ್ತು! ಯಾರಿಗೂ ಯಾರ ಮೇಲೂ ಹಗೆಯಿಲ್ಲ ಎನ್ನುವ ಹಾಗೆ. ಈಗ ಅದರ ಅರ್ಥ, ಯಾರಿಗೂ ಧೈರ್ಯವಿಲ್ಲ. ಊರಿಗೆಲ್ಲ ಪ್ರಜಾಪ್ರಭುತ್ವದ ಭಾಷಣ ಮಾಡುವ ಪಕ್ಷ, ತನ್ನ ಮನೆಯೊಳಗೆ ಒಂದು ಚೀಟಿ ಹಾಕಲು ಹೆದರುತ್ತದೆ.

ಆರಕ್ಕೆ ವೆಂಕಟರಂಗಯ್ಯ ಬಂದ. ಈಗ ಜಿಲ್ಲಾಧ್ಯಕ್ಷ; ನನ್ನನ್ನು ಈ ಕೆಲಸಕ್ಕೆ ಹಾಕಿದವನೂ ಅವನೇ. ಅದಕ್ಕೂ ಮೊದಲು ನಲವತ್ತು ವರ್ಷದ ಗೆಳೆಯ. ಸಂಜೆಯ ಕಾಫಿ ಇಲ್ಲೇ. ನಾನು ಮದುವೆ ಮಾಡಿಕೊಳ್ಳಲಿಲ್ಲ, ವಕೀಲಿಕೆಗೆಂದು ಕೋರ್ಟಿಗೆ ಹೋಗುವುದನ್ನೂ ನಿಲ್ಲಿಸಿದೆ... ಈ ಮನೆಯ ಗೇಟು ತೆಗೆಯುವವನು ಅವನೊಬ್ಬನೇ.

ಗುಬ್ಬಿ ತಾಲ್ಲೂಕಿನ ಚುನಾವಣೆಯನ್ನೂ ಹೀಗೇ ಮುಗಿಸಿಬಿಡು ಎಂದ. ಅಲ್ಲಿ ನಿಂತಿರುವುದು ಅವನ ತಂಗಿಯ ಮಗ ಭಾನುಪ್ರಕಾಶ್. ಇನ್ನೊಬ್ಬರು ಬರದಿದ್ದರೆ ತಾನಾಗಿ ಮುಗಿಯುತ್ತದೆ ಎಂದೆ. "ಯಾರ್ಲಾ ಬರ್ತಾರೆ?" ಎಂದು ಕಾಫಿ ಊದಿದ.

ನವೆಂಬರ್ 10, ಸೋಮವಾರ

ಬಂದರು!

ಚೇಳೂರಿನ ಸಿದ್ದಲಕ್ಷ್ಮಮ್ಮ. ಹಿಂದೆ ಪಂಚಾಯ್ತಿ ಮೆಂಬರ್ ಆಗಿದ್ದವರು. ಗುಬ್ಬಿಯಲ್ಲಿ ಪಕ್ಷದ ಯಾವ ಸಭೆಯಾದರೂ ಜನ ಸೇರಿಸುವುದು, ಊಟ ಬಡಿಸಲು ನಿಲ್ಲುವುದು ಅವರೇ. ವೇದಿಕೆಗೆ ಮಾತ್ರ ಯಾರೂ ಕರೆದದ್ದಿಲ್ಲ. ನಾಮಪತ್ರವನ್ನು ನನ್ನ ಮೇಜಿನ ಮೇಲಿಟ್ಟರು. ಯೋಚನೆ ಮಾಡಿದ್ದೀರಾ ಎಂದು ಕೇಳಿದೆ.

"ಇಷ್ಟು ವರ್ಷ ಚಪ್ಪಾಳೆ ತಟ್ಟಿದೀನಿ ಸಾರ್. ಒಂದ್ಸಲ ಎಣಿಸಿ ನೋಡಾಣ ಅಂತ."

ಮಧ್ಯಾಹ್ನವೇ ವೆಂಕಟರಂಗನ ಫೋನ್. ಆಯಮ್ಮನಿಗೆ ಮಹಿಳಾ ಘಟಕದಲ್ಲಿ ಏನಾದರೂ ಕೊಡೋಣ, ವಾಪಸ್ ತೆಗೆದುಕೊಳ್ಳಲು ನೀನು ಹೇಳು, ನಿನ್ನ ಮಾತು ಕೇಳುತ್ತಾಳೆ ಎಂದ. ಅದು ನನ್ನ ಕೆಲಸ ಅಲ್ಲ ಕಣೋ ಎಂದೆ. ಫೋನ್ ಇಟ್ಟ.

ಸಂಜೆ ಡಿಕಾಕ್ಷನ್ ಎರಡು ಲೋಟಕ್ಕೆ ಹಾಕಿದ್ದೆ.

ನವೆಂಬರ್ 11, ಮಂಗಳವಾರ

ಬರಲಿಲ್ಲ.

ನವೆಂಬರ್ 14, ಶುಕ್ರವಾರ

ಇವತ್ತೂ ಇಲ್ಲ. ಓದಲು ಕೂತರೆ ಪುಟ ಮುಂದಕ್ಕೆ ಹೋಗುತ್ತಿಲ್ಲ.

ಎಂಬತ್ತೇಳನೇ ಇಸವಿ ನೆನಪಾಗುತ್ತಿದೆ. ಇದೇ ಗುಬ್ಬಿ. ಇದೇ ಅಧ್ಯಕ್ಷ ಸ್ಥಾನ. ನಾನು ಮತ್ತು ವೆಂಕಟರಂಗ ಎದುರಾಬದುರು ನಿಂತಿದ್ದೆವು. ನಿಜವಾದ ಚೀಟಿ, ನಿಜವಾದ ಎಣಿಕೆ. ಒಂದೇ ಓಟಿನಲ್ಲಿ ಅವನು ಗೆದ್ದ. ನನ್ನ ಓಟು ನಾನು ಅವನಿಗೆ ಹಾಕಿದ್ದೆ. ಅವನು ವೇದಿಕೆಯ ಮೇಲೆ ನನ್ನ ಹೆಗಲಿಗೆ ಕೈ ಹಾಕಿ, ತನ್ನ ಓಟು ಬಿದ್ದಿರುವುದು ನನಗೇ ಎಂದ. ಜನ ಎದ್ದು ನಿಂತರು. ನನಗೆ ಕಣ್ಣು ತುಂಬಿತ್ತು. ಆಗ ನಮ್ಮಲ್ಲಿ ಅದೇ ರೂಢಿ — ತನಗೆ ತಾನೇ ಓಟು ಹಾಕಿಕೊಳ್ಳುವುದು ಮರ್ಯಾದೆಯಲ್ಲ.

ಆ ಕಥೆಯನ್ನು ಎಷ್ಟು ಸಭೆಗಳಲ್ಲಿ ಹೇಳಿದ್ದೇನೋ. ರಾಜಕೀಯದಲ್ಲೂ ಸ್ನೇಹ ಉಳಿಯುತ್ತದೆ ಎನ್ನಲು ನನ್ನ ಬಳಿ ಇರುವ ಸಾಕ್ಷಿ ಅದೊಂದೇ.

ನವೆಂಬರ್ 16, ಭಾನುವಾರ. ಸಂಜೆ

ಗುಬ್ಬಿ. ಕಲ್ಯಾಣ ಮಂಟಪದ ಊಟದ ಹಾಲ್. ಇಲ್ಲಿಯೂ ಹಾರ ತಂದಿದ್ದರು — ಒಂದೇ.

ಕೈ ಎತ್ತಿಸಿ ಮುಗಿಸಿ ಎಂದು ಗಲಾಟೆ. ಆಗುವುದಿಲ್ಲ ಎಂದೆ. ಕಂಬಕ್ಕೂ ಕಿಟಕಿಗೂ ಹಗ್ಗ ಕಟ್ಟಿ ಬೆಡ್‌ಶೀಟ್ ಇಳಿಬಿಟ್ಟು ಮರೆ ಮಾಡಿಸಿದೆ. ಒಬ್ಬ ಚೀಟಿ ಮಡಿಸದೆ ಭಾನುಪ್ರಕಾಶನ ಕಡೆ ತೋರಿಸುತ್ತಾ ಬಂದ. ಕಿತ್ತುಕೊಂಡು ಹರಿದು ಹಾಕಿದೆ. ಹೊಸದು ಕೊಟ್ಟು ಮತ್ತೆ ಒಳಗೆ ಕಳಿಸಿದೆ. ಆಮೇಲೆ ಎಲ್ಲರೂ ಮಡಿಸಿದರು. ಇಷ್ಟು ವರ್ಷಗಳ ಮೇಲೆ, ಈ ಪಕ್ಷದಲ್ಲಿ, ಮಡಿಸಿದ ಚೀಟಿ ನೋಡಿದೆ.

ಅಭ್ಯರ್ಥಿಗಳೂ ಸೇರಿ ಮೂವತ್ತಮೂರು ಓಟು. ಎಣಿಸುತ್ತಾ ಹೋದೆ. ಹದಿನಾರು, ಹದಿನಾರು. ಉಳಿದದ್ದು ಒಂದು ಚೀಟಿ. ಬಿಚ್ಚಿದೆ.

ಭಾನುಪ್ರಕಾಶ್.

ಅವನ ಕೊರಳಿಗೆ ಹಾರ ಬಿತ್ತು. ಅವನು ಬೆವರು ಒರೆಸಿಕೊಂಡು, "ನನ್ ಓಟೇ ನನ್ನ ಕಾಪಾಡ್ತು ಗುರೂ" ಎಂದು ಪಕ್ಕದವನಿಗೆ ಹೇಳಿದ. ಅವನ ಕಡೆಯವರೆಲ್ಲ ನಕ್ಕರು.

ಬಸ್ ಸ್ಟ್ಯಾಂಡಿನಲ್ಲಿ ಸಿದ್ದಲಕ್ಷ್ಮಮ್ಮ ಸಿಕ್ಕರು. ಚೇಳೂರು ಬಸ್ಸಿಗೆ ಕಾಯುತ್ತಿದ್ದರು. ಕಡಿಮೆ ಏನಲ್ಲ, ಹದಿನಾರು ಜನ ನಿಮ್ಮ ಕಡೆ ಇದ್ದಾರೆ ಎಂದೆ.

"ನಂದೂ ಅವ್ನಿಗೇ ಹಾಕ್ದೆ ಸಾರ್."

ಅರ್ಥವಾಗಲಿಲ್ಲ.

"ನಮಗೆ ನಾವೇ ಹಾಕ್ಕೊಂಡ್ರೆ ಏನ್ ಚೆಂದ? ಬಡಿಸೋಳು ಮೊದ್ಲು ತನ್ನ ಎಲೆಗೇ ಬಡಿಸ್ಕೊಂಡಂಗೆ. ನೀವೇ ಹೇಳ್ತಿರ್ತೀರಲ್ಲ, ನೀವೂ ಜಿಲ್ಲಾಧ್ಯಕ್ಷರೂ ಹಂಗೇ ಮಾಡಿದ್ರಿ ಅಂತ. ಅವ್ನೂ ನಂಗೆ ಹಾಕಿರ್ತಾನೆ, ಅಲ್ಲಿಗಲ್ಲಿಗೆ ಸರಿಹೋಗುತ್ತೆ ಅಂದ್ಕೊಂಡೆ."

ಆ ಒಂದು ಓಟು ತಮಗೇ ಹಾಕಿಕೊಂಡಿದ್ದರೆ ಇವತ್ತು ಗುಬ್ಬಿಯ ಅಧ್ಯಕ್ಷರು ಅವರು. ಅದು ಅವರಿಗೂ ಗೊತ್ತು. ನನ್ನ ಮುಖ ನೋಡಿ ಅವರೇ ಸಮಾಧಾನ ಹೇಳಿದರು. "ಬುಡಿ ಸಾರ್. ಎಣಿಸಿದ್ರಲ್ಲ, ಅಷ್ಟು ಸಾಕು."

ಬಸ್ಸು ಬಂತು. ಹತ್ತಿದರು. ಅವರಿಗೆ ಸೀಟು ಸಿಕ್ಕಿತು.

ನವೆಂಬರ್ 17, ಸೋಮವಾರ

ವೆಂಕಟರಂಗನ ಫೋನ್. ಒಂದು ವಾರದ ಮೇಲೆ ಅವನ ದನಿ. ರಿಪೋರ್ಟಿನಲ್ಲಿ ಅವಿರೋಧ ಅಂತ ಬರಿ ಎಂದ. ಬೆಂಗಳೂರಿನ ಪಕ್ಷದ ಕಚೇರಿಗೆ ಹದಿನೇಳು-ಹದಿನಾರು ಎಂದು ಹೋದರೆ ತನ್ನ ಮಾನ ಏನಾಗಬೇಕು? ಹೇಗೂ ಗೆದ್ದಿದ್ದು ನಮ್ಮ ಹುಡುಗನೇ ತಾನೇ?

ಎಣಿಸಿದ್ದನ್ನು ಬರೆದು ಬೆಳಿಗ್ಗೆಯೇ ಕಳಿಸಿಯಾಗಿದೆ ಎಂದೆ.

"ನಿಂಗೆ ಪುಸ್ತಕ ಓದಿ ಓದಿ ಮನುಷ್ಯರು ಮರ್ತೋಗವ್ರೆ ಚನ್ನವೀರ."

ನವೆಂಬರ್ 25, ಮಂಗಳವಾರ

ಪಕ್ಷದ ವಾಟ್ಸಾಪ್ ಗ್ರೂಪಿನಿಂದ ತೆಗೆದಿದ್ದಾರೆ. ಮಿಕ್ಕ ತಾಲ್ಲೂಕುಗಳಿಗೆ ಬೇರೆ ಚುನಾವಣಾಧಿಕಾರಿಯಂತೆ. ಪೇಪರಿನಲ್ಲಿ ನೋಡಿ ತಿಳಿಯಿತು. ಅದಕ್ಕೆ ಬೇಸರವಿಲ್ಲ.

ಆರು ಗಂಟೆಗೆ ಗೇಟು ಸದ್ದಾಯಿತು. ಎದ್ದು ಹೋದೆ. ಪಕ್ಕದ ಮನೆಯದು.

ಲೆಕ್ಕ ಒಂದು ತಲೆಯಲ್ಲಿ ತಿರುಗುತ್ತಲೇ ಇದೆ. ಎಂಬತ್ತೇಳರಲ್ಲೂ ಒಂದೇ ಓಟು. ನನ್ನ ಓಟು ಎಲ್ಲಿಗೆ ಹೋಯಿತೆಂದು ನನಗೆ ಗೊತ್ತು. ಅವನದು ಎಲ್ಲಿಗೆ ಹೋಯಿತೆಂದು ಅವನು ಹೇಳಿದ್ದು ಮಾತ್ರ ಗೊತ್ತು... ಇಷ್ಟು ವರ್ಷ ಈ ಪ್ರಶ್ನೆ ಹುಟ್ಟಲೇ ಇಲ್ಲ. ಹುಟ್ಟಬಾರದಿತ್ತು.

ನವೆಂಬರ್ 28, ಶುಕ್ರವಾರ. ಸಂಜೆ ಆರೂವರೆ

ನಾನೇ ಫೋನ್ ಮಾಡಿದೆ. ಕಾಫಿಗೆ ಬಾ ಎನ್ನಬೇಕೆಂದಿದ್ದೆ. ಬಾಯಿಗೆ ಬಂದದ್ದು ಬೇರೆ.

"ಎಂಬತ್ತೇಳರಲ್ಲಿ ನಿನ್ನ ಓಟು ಯಾರಿಗೆ ಹಾಕಿದ್ದೆ ವೆಂಕಟ್ರಂಗ?"

ಆ ಕಡೆ ಟಿವಿ ಸದ್ದು. ಯಾರಿಗೋ ಸಣ್ಣಗೆ ಮಾಡು ಎಂದ. ಆಮೇಲೆ ನಕ್ಕ. ಅದೇ ಹಳೆಯ ನಗು.

"ಗುಟ್ಟಿನ ಮತದಾನ ಅಂತ ನೀನೇ ಬಡ್ಕೊತೀಯಲ್ಲೋ. ನನ್ನೇ ಕೇಳ್ತೀಯಾ?"

ಹೌದು. ನಾನೇ ಹೇಳುವುದು. ಮಡಿಸಿದ ಚೀಟಿಯನ್ನು ಯಾರೂ ಬಿಚ್ಚಿಸಬಾರದು. ನಿಯಮದ ಪ್ರಕಾರ ಸರಿ. ಆದರೆ ಕಾಫಿ ಎರಡು ಲೋಟ ಹಾಕಿಬಿಟ್ಟಿದ್ದೇನೆ, ಇವತ್ತೂ. ಈ ಎರಡನೆಯದನ್ನು ಯಾರು ಕುಡಿಯಬೇಕು?